ಒಂಬತ್ತು ನಿಮಿಷದಿಂದ 0.2 ಸೆಕೆಂಡಿಗೆ: ಪುರುಷರ ಸ್ಕೀ ರಿಲೇ ಸಾಗಿದ ದಾರಿ

1948ರ ಫೆಬ್ರುವರಿಯಲ್ಲಿ ಸೇಂಟ್ ಮೊರಿಟ್ಜ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ಮಾರ್ಟಿನ್ ಲುಂಡ್‌ಸ್ಟ್ರೋಮ್ ಪುರುಷರ ಸ್ಕೀ ರಿಲೇಯ ಕೊನೆಯ ಸರದಿ ಮುಗಿಸಿ ಗೆರೆ ದಾಟಿದರು. ಎರಡನೆಯವರಾಗಿ ಫಿನ್ಲೆಂಡಿನವರು ಅದೇ ಗೆರೆ ಮುಟ್ಟುವಷ್ಟರಲ್ಲಿ ಹತ್ತಿರ ಹತ್ತಿರ ಒಂಬತ್ತು ನಿಮಿಷ ಕಳೆದಿತ್ತು. ಸರಿಯಾಗಿ ಐವತ್ತು ವರ್ಷದ ನಂತರ, 1998ರ ನಗಾನೊ ಒಲಿಂಪಿಕ್ಸ್‌ನ ಅಂಗವಾಗಿ ಜಪಾನಿನ ಹಾಕುಬಾದಲ್ಲಿ ನಡೆದ ಅದೇ ಸ್ಪರ್ಧೆಯಲ್ಲಿ ನಾರ್ವೆಗೂ ಇಟಲಿಗೂ ಇದ್ದ ವ್ಯತ್ಯಾಸ 0.2 ಸೆಕೆಂಡು. ಎರಡೂ ಕಡೆ ದೂರ ಒಂದೇ: ನಾಲ್ವರು, ತಲಾ 10 ಕಿಲೋಮೀಟರ್. ನಡುವಿನ ಅರ್ಧ ಶತಮಾನದಲ್ಲಿ ಏನಾಯಿತು ಎನ್ನುವುದೇ ಈ ಆಟದ ಚರಿತ್ರೆ. ಅದನ್ನು ಸಾಮಾನ್ಯವಾಗಿ ಕೊನೆಯ ಸರದಿಯ ವೀರರ ಕತೆಯಾಗಿ ಹೇಳುತ್ತಾರೆ. ನನಗೆ ಆ ಕತೆ ಅರ್ಧ ಸತ್ಯ ಅನಿಸುತ್ತದೆ.

ಮೊದಲು ಆಟದ ಕಟ್ಟಳೆ. ಇಲ್ಲಿ ಬೇಟನ್ ಇಲ್ಲ. ಎರಡೂ ಕೈಯಲ್ಲಿ ಕೋಲುಗಳಿರುವಾಗ ಬೇಟನ್ ಹಿಡಿಯುವುದಾದರೂ ಹೇಗೆ? ಬದಲಾವಣೆಗೆಂದೇ ಗುರುತು ಹಾಕಿದ 30 ಮೀಟರ್ ಉದ್ದದ ಜಾಗದೊಳಗೆ ಬರುವವನು ಹೋಗುವವನ ಮೈಯನ್ನು ಕೈಯಿಂದ ಮುಟ್ಟಬೇಕು, ಅಷ್ಟೆ. ಎದೆಯ ಮೇಲಿನ ಸಂಖ್ಯೆಯ ಬಟ್ಟೆ ಮೊದಲ ಸರದಿಗೆ ಕೆಂಪು, ಎರಡನೆಯದಕ್ಕೆ ಹಸಿರು, ಮೂರಕ್ಕೆ ಹಳದಿ, ನಾಲ್ಕಕ್ಕೆ ನೀಲಿ. ಮುಂದಿನವರಿಗಿಂತ ಪೂರ್ತಿ ಒಂದು ಸುತ್ತು ಹಿಂದೆ ಬಿದ್ದ ತಂಡವನ್ನು ಜಾಡಿನಿಂದ ಹೊರಗೆ ಕರೆಯುತ್ತಾರೆ. ಕನ್ನಡದ ಓದುಗರಿಗೆ ಈ ಕ್ರಾಸ್ ಕಂಟ್ರಿ ಸ್ಕೀಯಿಂಗ್ ಈಗ ತೀರಾ ಹೊಸದಲ್ಲ. ಕೊಡಗಿನ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಇದೇ ಆಟದಲ್ಲಿ ಕರ್ನಾಟಕಕ್ಕೆ ಪದಕ ತಂದ ಮೇಲೆ ಪತ್ರಿಕೆಗಳ ಕ್ರೀಡಾಪುಟದಲ್ಲಿ ಇದಕ್ಕೊಂದು ಮೂಲೆ ಸಿಕ್ಕಿದೆ. ಆದರೆ ರಿಲೇಯ ತವರು ಉತ್ತರ ಯುರೋಪು, ಅದರ ಲೆಕ್ಕಾಚಾರವೆಲ್ಲ ಅಲ್ಲಿನ ಕಾಡು, ದಿಬ್ಬ, ಹಿಮದ್ದು.

ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭ. ಸ್ಕೀ ಓಟದ ವೈಯಕ್ತಿಕ ಸ್ಪರ್ಧೆಗಳಲ್ಲಿ ಬಹುಕಾಲ ಒಬ್ಬೊಬ್ಬರನ್ನೇ ನಿಗದಿತ ಅಂತರದಲ್ಲಿ ಬಿಡುತ್ತಿದ್ದರು. ಕಾಡಿನೊಳಗೆ ಒಬ್ಬನೇ ಓಡಿ ಬಂದವನಿಗೆ ತಾನು ಗೆದ್ದೆನೋ ಸೋತೆನೋ ಗೊತ್ತಾಗುತ್ತಿದ್ದದ್ದು ಗಡಿಯಾರ ಲೆಕ್ಕ ಒಪ್ಪಿಸಿದ ಮೇಲೆ. ಒಲಿಂಪಿಕ್ಸ್‌ನ 50 ಕಿಲೋಮೀಟರ್ ಓಟದಲ್ಲಿ ಎಲ್ಲರೂ ಮೊದಲ ಸಲ ಒಟ್ಟಿಗೆ ಹೊರಟದ್ದೇ 2006ರಲ್ಲಿ. ರಿಲೇಯಲ್ಲಿ ಹಾಗಲ್ಲ. ಮೊದಲ ದಿನದಿಂದಲೂ ಎಲ್ಲ ತಂಡಗಳೂ ಒಟ್ಟಿಗೆ ಹೊರಡುತ್ತವೆ. ಹಿಮದ ಮೇಲೆ ಯಾರು ಮುಂದಿದ್ದಾರೋ ಅವರೇ ಮುಂದೆ. ಎದುರಾಳಿಯ ಉಸಿರು ಕೇಳಿಸುವಷ್ಟು ಹತ್ತಿರದಲ್ಲಿ ಓಡುವ ಅನುಭವ ಸ್ಕೀ ಓಟಗಾರನಿಗೆ ದಶಕಗಳ ಕಾಲ ಬಹುಮಟ್ಟಿಗೆ ರಿಲೇಯಲ್ಲೇ ಸಿಗುತ್ತಿತ್ತು. ಜನರಿಗೆ ಇದು ಹುಚ್ಚು ಹಿಡಿಸಿದ್ದೂ ಅದಕ್ಕೇ.

ವಿಶ್ವ ಚಾಂಪಿಯನ್‌ಷಿಪ್‌ಗೆ ರಿಲೇ ಬಂದದ್ದು 1933ರಲ್ಲಿ, ಇನ್ಸ್‌ಬ್ರುಕ್‌ನಲ್ಲಿ. ಗೆದ್ದದ್ದು ಸ್ವೀಡನ್. ಒಲಿಂಪಿಕ್ಸ್‌ಗೆ ಬಂದದ್ದು 1936ರಲ್ಲಿ, ಜರ್ಮನಿಯ ಗಾರ್ಮಿಶ್-ಪಾರ್ಟನ್‌ಕಿರ್ಖೆನ್‌ನಲ್ಲಿ. ಆ ಮೊದಲ ಒಲಿಂಪಿಕ್ ರಿಲೇಯೇ ಮುಂದಿನ ಎಲ್ಲ ಕತೆಗಳಿಗೂ ಅಚ್ಚು ಹಾಕಿಕೊಟ್ಟಿತು. ಕೊನೆಯ ಸರದಿಗೆ ನಾರ್ವೆಯ ಬ್ಯಾರ್ನೆ ಇವರ್ಸೆನ್ ಹೊರಟು 82 ಸೆಕೆಂಡಾದ ಮೇಲೆ ಫಿನ್ಲೆಂಡಿನ ಕಾಲೆ ಯಾಲ್ಕನೆನ್ ಹೊರಟರು. ಹತ್ತು ಕಿಲೋಮೀಟರಿನಲ್ಲಿ ಅಷ್ಟನ್ನೂ ತಿಂದುಹಾಕಿ ಆರು ಸೆಕೆಂಡು ಮೊದಲೇ ಗೆರೆ ದಾಟಿದರು. ಫಿನ್ಲೆಂಡಿನ ಒಟ್ಟು ಕಾಲ 2 ಗಂಟೆ 41 ನಿಮಿಷ 33 ಸೆಕೆಂಡು.

ಆ ಕಾಲದ ರಿಲೇಯಲ್ಲಿ ಒಂದೂವರೆ ನಿಮಿಷ ಕಳೆದುಕೊಳ್ಳುವುದೂ ಗಳಿಸುವುದೂ ಆಶ್ಚರ್ಯದ ಮಾತಾಗಿರಲಿಲ್ಲ. ಮರದ ಸ್ಕೀ, ಮನುಷ್ಯರೇ ತುಳಿದು ಮಾಡಿದ ಜಾಡು, ಗಂಟೆಗೊಂದು ಬಣ್ಣ ತಿರುಗುವ ಹಿಮ. ಸ್ಕೀಯ ನಡುಭಾಗಕ್ಕೆ ಬಳಿದ ಮೇಣ ಏರಿನಲ್ಲಿ ಹಿಮವನ್ನು ಕಚ್ಚಿ ಹಿಡಿಯಬೇಕು, ಇಳಿಜಾರಿನಲ್ಲಿ ಜಾರಬೇಕು. ಬಳಿಯುವವನ ಅಂದಾಜು ತಪ್ಪಿತೋ, ಓಟಗಾರ ಎಂಥ ಗಟ್ಟಿಗನಾದರೂ ನಿಂತಲ್ಲೇ ಹಿಂದಕ್ಕೆ ಜಾರುತ್ತಾನೆ. ನಾಲ್ವರಲ್ಲಿ ಒಬ್ಬನಿಗೆ ಹಾಗಾದರೂ ತಂಡದ ಕತೆ ಮುಗಿಯಿತು. 1948ರ ಆ ಒಂಬತ್ತು ನಿಮಿಷಕ್ಕೆ ಇನ್ನೊಂದು ಕಾರಣವೂ ಇತ್ತು ಎಂದು ಊಹಿಸಬಹುದು: ಸ್ವೀಡನ್ ಮಹಾಯುದ್ಧದಿಂದ ಹೊರಗುಳಿದಿತ್ತು, ಫಿನ್ಲೆಂಡ್ ಅದರಲ್ಲಿ ನುಗ್ಗಾಗಿ ಹೊರಬಂದಿತ್ತು. ಆದರೂ ನಾಲ್ಕೇ ವರ್ಷದಲ್ಲಿ, 1952ರ ಓಸ್ಲೊದಲ್ಲಿ, ನಾರ್ವೆಯವರ ಮನೆಯಂಗಳದಲ್ಲೇ ಫಿನ್ಲೆಂಡ್ ಚಿನ್ನ ಗೆದ್ದಿತು. 1956ರ ಕೊರ್ಟೀನಾದಲ್ಲಿ ಸೋವಿಯತ್ ಒಕ್ಕೂಟ ಮೊದಲ ಸಲ ಚಳಿಗಾಲದ ಒಲಿಂಪಿಕ್ಸ್‌ಗೆ ಬಂದು ರಿಲೇಯನ್ನು ಬಾಚಿಕೊಂಡಿತು. ಅಲ್ಲಿಗೆ ಇದು ಮೂರು ನೆರೆಮನೆಗಳ ಜಗಳವಾಗಿ ಉಳಿಯಲಿಲ್ಲ.

1960ರ ಸ್ಕ್ವಾ ವ್ಯಾಲಿಯನ್ನು ತುಸು ನಿಂತು ನೋಡಬೇಕು. ನಾರ್ವೆಯ ಕೊನೆಯ ಸರದಿಗೆ ಹೋಕೊನ್ ಬ್ರುಸ್ವೇನ್. ಅದೇ ಕೂಟದಲ್ಲಿ 15 ಕಿಲೋಮೀಟರ್ ಗೆದ್ದು ಬಂದವರು. ಫಿನ್ಲೆಂಡಿಗೆ ವೇಯ್ಕೊ ಹಾಕುಲಿನೆನ್. ವಯಸ್ಸು 35, ಎಂಟು ವರ್ಷ ಹಿಂದೆ ಓಸ್ಲೊದಲ್ಲಿ 50 ಕಿಲೋಮೀಟರ್ ಗೆದ್ದವರು. ಹಾಕುಲಿನೆನ್ ಹೊರಟಾಗ ಬ್ರುಸ್ವೇನ್ ಸುಮಾರು 20 ಸೆಕೆಂಡು ಮುಂದಿದ್ದರು. ಹಿಂದಿದ್ದ ಹಿರಿಯ ತಾಳ್ಮೆಯಿಂದ ಅಂತರ ಕರಗಿಸುತ್ತ ಬಂದು, ಕೊನೆಯ ನೇರ ಹಾದಿಯಲ್ಲಿ ಮುಂದೆ ಹೋಗಿ 0.8 ಸೆಕೆಂಡಿನಿಂದ ಗೆದ್ದರು. ಎರಡು ಗಂಟೆ ಹದಿನೆಂಟು ನಿಮಿಷ ಓಡಿದ ಮೇಲೆ ಅಷ್ಟು ಕಡಿಮೆ ಅಂತರ! ಒಲಿಂಪಿಕ್ ರಿಲೇ ಅಂಥದ್ದನ್ನು ಅಲ್ಲಿಯವರೆಗೆ ಕಂಡಿರಲಿಲ್ಲ. ಆ ಫಿನ್ಲೆಂಡ್ ತಂಡದ ಎರಡನೆಯ ಓಟಗಾರ ಏರೊ ಮ್ಯಾಂಟಿರಾಂಟ ಬೇರೆ ಕಾರಣಕ್ಕೆ ವೈದ್ಯಶಾಸ್ತ್ರದ ಪುಸ್ತಕ ಸೇರಿದರು. ಅವರ ರಕ್ತದಲ್ಲಿ ಹಿಮೋಗ್ಲೋಬಿನ್ ಅಸಾಧಾರಣ ಮಟ್ಟದಲ್ಲಿತ್ತು. ಕೆಂಪು ರಕ್ತಕಣಗಳ ಉತ್ಪಾದನೆಯನ್ನು ನಿಯಂತ್ರಿಸುವ ಜೀನ್‌ನಲ್ಲಿ ಅವರ ಕುಟುಂಬಕ್ಕೆ ಹುಟ್ಟಿನಿಂದಲೇ ಒಂದು ಮಾರ್ಪಾಡು ಇದೆಯೆಂದು ವಿಜ್ಞಾನಿಗಳು 1990ರ ದಶಕದಲ್ಲಿ ಪತ್ತೆಹಚ್ಚಿದರು.

1964ರಲ್ಲಿ ಸ್ವೀಡನ್, 1968ರಲ್ಲಿ ನಾರ್ವೆ. ಎರಡೂ ಹೆಚ್ಚು ಸದ್ದಿಲ್ಲದ ಗೆಲುವುಗಳು. 1972ರ ಸಪ್ಪೊರೊದಲ್ಲಿ ಸೋವಿಯತ್ತಿನ ವ್ಯಾಚೆಸ್ಲಾವ್ ವೆದೆನಿನ್ ನಾರ್ವೆಯ ಯೋಹ್ಸ್ ಹಾರ್ವಿಕೆನ್‌ಗಿಂತ ಒಂದು ನಿಮಿಷಕ್ಕೂ ಹಿಂದೆ ಹೊರಟು ಒಂಬತ್ತು ಸೆಕೆಂಡು ಮುಂದೆ ಬಂದು ಗೆದ್ದರು. ಕೊನೆಯವನು ಒಂದು ನಿಮಿಷವನ್ನೇ ನುಂಗಿ ಗೆಲ್ಲುವ ಬಗೆಯ ರಿಲೇಗಳಲ್ಲಿ ಅದು ಕಡೆಯ ದೊಡ್ಡದು ಎನ್ನಬಹುದು. ಎರಡು ವರ್ಷದ ನಂತರ ಸ್ವೀಡನ್ನಿನ ಫಾಲೂನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಮರದ ಸ್ಕೀಗಳ ಕಾಲಕ್ಕೆ ತೆರೆ ಎಳೆಯಿತು. ಅಲ್ಲಿ ಫೈಬರ್‌ಗ್ಲಾಸ್ ಸ್ಕೀ ತೊಟ್ಟವರು ಗೆಲ್ಲತೊಡಗಿದರು. ರಿಲೇ ಚಿನ್ನ ಪೂರ್ವ ಜರ್ಮನಿಯ ಪಾಲಾಯಿತು. ಸ್ಕೀ ಹಗುರವಾಯಿತು, ಜಾರುವುದು ಹೆಚ್ಚಿತು, ಜಾಡನ್ನು ಯಂತ್ರಗಳು ಕೊರೆದು ಗಟ್ಟಿ ಮಾಡತೊಡಗಿದವು. ಹಿಮದ ಹಣೆಬರಹದ ಮೇಲೆ ನಿಂತಿದ್ದ ವ್ಯತ್ಯಾಸಗಳು ಸವೆಯಲು ಶುರುವಾದದ್ದು ಇಲ್ಲಿಂದ.

ಸವೆದು ಸವೆದು ಅಂತರ ಸೊನ್ನೆಯನ್ನೇ ಮುಟ್ಟಿದ ದಿನವೂ ಬಂತು. 1982, ಓಸ್ಲೊದ ಹೋಲ್ಮೆನ್‌ಕೋಲೆನ್, ವಿಶ್ವ ಚಾಂಪಿಯನ್‌ಷಿಪ್. ಕೊನೆಯ ಸರದಿಯಲ್ಲಿ ನಾರ್ವೆಯ ಒಡ್ವಾರ್ ಬ್ರೋ ಮತ್ತು ಸೋವಿಯತ್ತಿನ ಅಲೆಕ್ಸಾಂದರ್ ಜವ್ಯಾಲೋವ್ ಜೊತೆಜೊತೆಗೇ ಬರುತ್ತಿದ್ದಾರೆ. ಕೊನೆಯ ಕೆಲವು ನೂರು ಮೀಟರ್ ಇರುವಾಗ ಒಬ್ಬರನ್ನೊಬ್ಬರು ದಾಟುವ ಇಕ್ಕಟ್ಟಿನಲ್ಲಿ ಬ್ರೋ ಕೈಯ ಕೋಲು ಮುರಿಯಿತು. ಸ್ಕೀ ಓಟದಲ್ಲಿ ಕೋಲಿಲ್ಲದವನು ಅರ್ಧ ಮನುಷ್ಯ. ಜಾಡಿನ ಪಕ್ಕದಿಂದ ಯಾರೋ ಚಾಚಿದ ಕೋಲನ್ನು ಹಿಡಿದು ಬ್ರೋ ಮತ್ತೆ ಬೆನ್ನಟ್ಟಿದರು. ಇಬ್ಬರೂ ಗೆರೆಗೆ ಕಾಲು ಚಾಚಿದ ಚಿತ್ರವನ್ನು ತೀರ್ಪುಗಾರರು ಎಷ್ಟು ನೋಡಿದರೂ ಬೇರೆ ಮಾಡಲಾಗಲಿಲ್ಲ. ಎರಡೂ ದೇಶಕ್ಕೆ ಚಿನ್ನ ಕೊಟ್ಟರು. ಇವತ್ತಿಗೂ ನಾರ್ವೆಯಲ್ಲಿ ಒಂದು ತಲೆಮಾರಿನವರು ಒಬ್ಬರನ್ನೊಬ್ಬರು ಕೇಳಿಕೊಳ್ಳುವ ಪ್ರಶ್ನೆ: ಬ್ರೋ ಕೋಲು ಮುರಿದಾಗ ನೀನು ಎಲ್ಲಿದ್ದೆ? 1983ರಲ್ಲಿ ಕಪಿಲ್ ದೇವ್ ಕಪ್ ಎತ್ತಿದ್ದನ್ನು ನೋಡಿದವರಿಗೆ ಆ ಪ್ರಶ್ನೆಯ ತೂಕ ವಿವರಿಸಬೇಕಿಲ್ಲ.

ಅಷ್ಟರಲ್ಲಿ ಓಡುವ ರೀತಿಯೇ ಬದಲಾಗುತ್ತಿತ್ತು. ಹಳೆಯ ಪದ್ಧತಿಯಲ್ಲಿ ಎರಡು ಸ್ಕೀಗಳೂ ಗಾಡಿಯ ಹಾದಿಯಂತೆ ಕೊರೆದ ಜಾಡಿನಲ್ಲಿ ಹಿಂದೆ ಮುಂದೆ ಚಲಿಸುತ್ತವೆ. ದೀರ್ಘ ದೂರದ ಓಟಗಳಲ್ಲಿ ಫಿನ್ಲೆಂಡಿನ ಪೌಲಿ ಸೀಟೊನೆನ್ ಒಂದು ಕಾಲನ್ನು ಜಾಡಿನಲ್ಲಿಟ್ಟು ಇನ್ನೊಂದನ್ನು ಓರೆಯಾಗಿ ಒತ್ತಿ ಹಾರುವುದನ್ನು ತೋರಿಸಿದ್ದರು. ಅದನ್ನು ವಿಶ್ವಕಪ್ ಮಟ್ಟದಲ್ಲಿ ಹಬ್ಬಿಸಿದವರು ಅಮೆರಿಕದ ಬಿಲ್ ಕಾಕ್. ಬರಬರುತ್ತ ಎರಡೂ ಕಾಲಿನಿಂದ ಐಸ್ ಸ್ಕೇಟಿಂಗ್‌ನವರಂತೆ ಒತ್ತುವುದು ರೂಢಿಯಾಯಿತು. ಅಡಿಭಾಗಕ್ಕೆ ಕಚ್ಚುವ ಮೇಣ ಬೇಡ, ವೇಗ ಮಾತ್ರ ಜಾಸ್ತಿ. 1985ರ ಸೀಫೆಲ್ಡ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹಳೆಯ ಪದ್ಧತಿ ಬಹುತೇಕ ಮಾಯವಾಯಿತು. ಸಂಪ್ರದಾಯಸ್ಥರು ಗಾಬರಿಯಾದರು, ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಎರಡನ್ನೂ ಉಳಿಸಲು ಸ್ಪರ್ಧೆಗಳನ್ನು ಕ್ಲಾಸಿಕ್ ಮತ್ತು ಫ್ರೀಸ್ಟೈಲ್ ಎಂದು ವಿಂಗಡಿಸಿತು. ರಿಲೇಯನ್ನು ಎತ್ತ ಹಾಕುವುದೆಂಬುದೇ ಗೊಂದಲ. 1988ರ ಕ್ಯಾಲ್ಗರಿಯಲ್ಲಿ ನಾಲ್ಕೂ ಸರದಿ ಫ್ರೀಸ್ಟೈಲ್. ಗೆದ್ದದ್ದು ಗುಂಡೆ ಸ್ವಾನ್ ಇದ್ದ ಸ್ವೀಡನ್. 1992ರ ಆಲ್ಬರ್ಟ್‌ವಿಲ್ಲೆಯಿಂದ ಒಲಿಂಪಿಕ್ಸ್‌ನಲ್ಲೂ ಮೊದಲ ಎರಡು ಸರದಿ ಕ್ಲಾಸಿಕ್, ಕೊನೆಯೆರಡು ಫ್ರೀಸ್ಟೈಲ್. ಅಲ್ಲಿ ನಾರ್ವೆ ಎಷ್ಟು ಮುಂದಿತ್ತೆಂದರೆ ಬ್ಯೋರ್ನ್ ಡೇಲಿ ತಿರುಗಿ ನಿಂತು ಹಿಮ್ಮುಖವಾಗಿ ಗೆರೆ ದಾಟಿದರು.

ರಾಜಿಯಾಗಿ ಹುಟ್ಟಿದ ಈ ಏರ್ಪಾಡು ನನ್ನ ಲೆಕ್ಕದಲ್ಲಿ ರಿಲೇಯ ಚರಿತ್ರೆಯಲ್ಲೇ ಅತ್ಯಂತ ಜಾಣ ತೀರ್ಮಾನ, ಬಹುಶಃ ತನಗೇ ಗೊತ್ತಿಲ್ಲದ ಜಾಣತನ. ಕ್ಲಾಸಿಕ್‌ನಲ್ಲಿ ಮೇಣ, ಹಿಮ, ಏರು ಮೂರೂ ಸೇರಿ ತಂಡಗಳನ್ನು ಬಿಡಿಸುತ್ತವೆ. ಫ್ರೀಸ್ಟೈಲ್‌ನಲ್ಲಿ ವೇಗ ಹೆಚ್ಚು, ಮುಂದಿನವನ ಬೆನ್ನ ಹಿಂದೆ ಗಾಳಿಯ ಮರೆಯಲ್ಲಿ ಹಾಯಾಗಿ ಬರಬಹುದು. ಹಾಗಾಗಿ ತಂಡಗಳು ಗುಂಪುಗೂಡುತ್ತವೆ. ಮೊದಲರ್ಧದಲ್ಲಿ ಯಾರೂ ಬಿಡಿಸಿಕೊಳ್ಳದಿದ್ದರೆ ದ್ವಿತೀಯಾರ್ಧ ಕೊನೆಯ ಇನ್ನೂರು ಮೀಟರಿನ ಜೂಜಾಗುತ್ತದೆ.

ಆ ಜೂಜಿನ ದಶಕ 1994ರಲ್ಲಿ ಲಿಲ್ಲೆಹ್ಯಾಮರ್‌ನಲ್ಲಿ ಶುರುವಾಯಿತು. ಆತಿಥೇಯ ನಾರ್ವೆ, ತಂಡದಲ್ಲಿ ಉಲ್ವಾಂಗ್, ಆಲ್ಸ್‌ಗೋರ್, ಡೇಲಿ. ಜಾಡಿನ ಉದ್ದಕ್ಕೂ ಲಕ್ಷಕ್ಕೂ ಮಿಕ್ಕ ಜನ. ಎದುರಿಗೆ ಇಟಲಿ ಮೊದಲ ಸರದಿಗೆ ಇಳಿಸಿದ್ದು 43 ವರ್ಷದ ಮೌರಿಲಿಯೊ ದೆ ಜೋಲ್ಟ್ ಅವರನ್ನು. ಕುಳ್ಳಗಿನ, ಚುರುಕು ಹೆಜ್ಜೆಯ ಅವರನ್ನು ಇಟಲಿಯಲ್ಲಿ ಮಿಡತೆ ಎಂದು ಕರೆಯುತ್ತಿದ್ದರು. ಅವರಿಂದ ಯಾರೂ ಅಂತರ ಗಳಿಸುವ ನಿರೀಕ್ಷೆ ಇಟ್ಟಿರಲಿಲ್ಲ. ತೀರಾ ಕಳೆದುಕೊಳ್ಳದಿದ್ದರೆ ಸಾಕಿತ್ತು. ದೆ ಜೋಲ್ಟ್ ಕಳೆದುಕೊಂಡದ್ದು ಕೆಲವೇ ಸೆಕೆಂಡು. ಆಲ್ಬರೆಲ್ಲೊ, ವಾನ್ಜೆಟ್ಟಾ ಮುಂದಿನ ಎರಡು ಸರದಿಯಲ್ಲಿ ನಾರ್ವೆಯನ್ನು ಬಿಡಲಿಲ್ಲ. ಕೊನೆಗೆ ಡೇಲಿ ಮುಂದೆ, ಸಿಲ್ವಿಯೊ ಫೌನರ್ ಬೆನ್ನಿಗೆ. ಫೌನರ್ ಮುಂದೆ ಹೋಗಲೆಂದು ಡೇಲಿ ವೇಗ ತಗ್ಗಿಸಿ ನೋಡಿದರು. ಫೌನರ್ ಹೋಗಲಿಲ್ಲ. ಮುಂದಿದ್ದವನು ಗಾಳಿ ಸೀಳುತ್ತ ಬಂದ, ಹಿಂದಿದ್ದವನು ಕಾಲು ಉಳಿಸಿಕೊಂಡ. ನೇರ ಹಾದಿಗೆ ಬಂದಾಗ ಫೌನರ್ ಹೊರಬಿದ್ದು 0.4 ಸೆಕೆಂಡಿನಿಂದ ಗೆದ್ದರು. ಪತ್ರಿಕೆಗಳೆಲ್ಲ ಬರೆದದ್ದು ಫೌನರ್ ಬಗ್ಗೆ. ನಾನಾಗಿದ್ದರೆ ಆ ಚಿನ್ನದ ದೊಡ್ಡ ಪಾಲನ್ನು ಮಿಡತೆಗೇ ಬರೆಯುತ್ತಿದ್ದೆ. ಮೊದಲ ಸರದಿಯಲ್ಲಿ ಅರ್ಧ ನಿಮಿಷ ಹೋಗಿದ್ದರೆ ಫೌನರ್‌ಗೆ ಯಾರ ಬೆನ್ನೂ ಸಿಗುತ್ತಿರಲಿಲ್ಲ.

ನಾಲ್ಕು ವರ್ಷದ ನಂತರ ನಗಾನೊದಲ್ಲಿ ನಾರ್ವೆ ಪಾಠ ಕಲಿತು ಬಂದಿತ್ತು. ಡೇಲಿಯನ್ನು ಮೂರನೇ ಸರದಿಗೆ ಸರಿಸಿ, ಅವರಿಗಿಂತ ಚುರುಕು ಕಾಲಿನ ತೋಮಸ್ ಆಲ್ಸ್‌ಗೋರ್‌ರನ್ನು ಕೊನೆಗಿಟ್ಟರು. ಆ ಕಾಲದ ಅತಿ ದೊಡ್ಡ ಸ್ಕೀ ಓಟಗಾರನನ್ನೇ ಕೊನೆಯ ಸರದಿಯಿಂದ ಇಳಿಸುವುದು ಸಣ್ಣ ಮಾತಲ್ಲ. ಈ ಬಾರಿ ಫೌನರ್ 0.2 ಸೆಕೆಂಡಿನಿಂದ ಸೋತರು. ಮರುವರ್ಷ ಆಸ್ಟ್ರಿಯಾದ ರಾಮ್ಸೌನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದೇ ಆಲ್ಸ್‌ಗೋರ್ ಆತಿಥೇಯರ ಕ್ರಿಶ್ಚಿಯನ್ ಹಾಫ್‌ಮನ್‌ಗೆ 0.2 ಸೆಕೆಂಡಿನಿಂದ ಸೋತರು! 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಮತ್ತೆ ಆಲ್ಸ್‌ಗೋರ್, ಮತ್ತೆ ಇಟಲಿ ಎದುರಾಳಿ, ಈಗ ಕ್ರಿಸ್ಟಿಯಾನ್ ಜೋರ್ಜಿ, ನಾರ್ವೆ 0.3 ಸೆಕೆಂಡಿನಿಂದ ಗೆದ್ದಿತು. 1994, 1998, 2002: ಮೂರು ಒಲಿಂಪಿಕ್ ರಿಲೇ, ಒಟ್ಟು 120 ಕಿಲೋಮೀಟರ್, ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರಗಳನ್ನೆಲ್ಲ ಕೂಡಿದರೆ 0.9 ಸೆಕೆಂಡು.

ಆ ಹೊತ್ತಿನ ಇನ್ನೊಂದು ಮುಖವನ್ನೂ ಹೇಳದೆ ಬಿಡುವಂತಿಲ್ಲ. 2001ರ ಲಾಹ್ತಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫಿನ್ಲೆಂಡಿನ ಆರು ಮಂದಿ ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ರಕ್ತವನ್ನು ತೆಳುಗೊಳಿಸಿ ಬೇರೆ ಲೆಕ್ಕ ಮರೆಮಾಡುವ ದ್ರವ ಅವರ ಮೈಯಲ್ಲಿತ್ತು. ಪುರುಷರ ರಿಲೇ ತಂಡದ ಫಲಿತಾಂಶ ರದ್ದಾಯಿತು. ಸ್ವಂತ ನೆಲದಲ್ಲಿ, ಸ್ವಂತ ಜನರೆದುರು ಆದ ಆ ಮುಖಭಂಗದಿಂದ ಫಿನ್ಲೆಂಡ್ ತಲೆ ಎತ್ತಲು ಬಹಳ ಕಾಲ ಹಿಡಿಯಿತು.

ಲಾಹ್ತಿಯಿಂದಲೇ ಒಂದು ವಿಚಿತ್ರವೂ ಆರಂಭ. 2001ರಿಂದ 2025ರವರೆಗೆ ಎರಡು ವರ್ಷಕ್ಕೊಮ್ಮೆ ನಡೆದ 13 ವಿಶ್ವ ಚಾಂಪಿಯನ್‌ಷಿಪ್‌ಗಳಲ್ಲಿ ಪುರುಷರ ರಿಲೇ ಚಿನ್ನ 13 ಸಲವೂ ನಾರ್ವೆಗೆ. ಅದೇ ಅವಧಿಯಲ್ಲಿ, 2002ರಿಂದ 2022ರ ತನಕ, ನಡೆದ ಆರು ಒಲಿಂಪಿಕ್ಸ್‌ಗಳಲ್ಲಿ ನಾರ್ವೆ ಗೆದ್ದದ್ದು ಎರಡು ಮಾತ್ರ. 1936ರಿಂದ 2022ರವರೆಗಿನ 21 ಒಲಿಂಪಿಕ್ ರಿಲೇಗಳ ಲೆಕ್ಕ ತೆಗೆದರೂ ಮುಂದಿರುವುದು ಆರು ಚಿನ್ನದ ಸ್ವೀಡನ್. ನಾರ್ವೆಗೆ ಐದು, ಫಿನ್ಲೆಂಡಿಗೆ ನಾಲ್ಕು, ಸೋವಿಯತ್ ಒಕ್ಕೂಟಕ್ಕೆ ಮೂರು, ಇಟಲಿಗೆ ಎರಡು, ರಷ್ಯಾದವರಿಗೆ ಒಂದು.

ನಾರ್ವೆ ಸೋತ ಆ ಒಲಿಂಪಿಕ್ಸ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಕೊನೆಯ ಸರದಿಯ ಮಹಿಮೆ ಇಳಿಯುತ್ತದೆ. 2006ರ ಟ್ಯೂರಿನ್‌ನಲ್ಲಿ ನಾರ್ವೆಗೆ ಪದಕವೇ ಇಲ್ಲ. ಇಟಲಿಯ ಪಿಲ್ಲರ್ ಕೊಟ್ರೆರ್ ಮೂರನೇ ಸರದಿಯಲ್ಲೇ ಕಿತ್ತುಕೊಂಡು ಹೋದ್ದರಿಂದ ಜೋರ್ಜಿಗೆ ಕೊನೆಯಲ್ಲಿ ಯಾರೊಡನೆಯೂ ಸೆಣಸುವ ಅಗತ್ಯ ಬರಲಿಲ್ಲ. 2010ರ ವ್ಯಾಂಕೂವರ್‌ನಲ್ಲಿ ನಾರ್ವೆಯ ಕೊನೆಯ ಸರದಿಗೆ ಪೆಟ್ಟರ್ ನೂರ್ತುಗ್ ಇದ್ದರು. ಸ್ಪ್ರಿಂಟ್‌ನಲ್ಲಿ ಅವರನ್ನು ಮೀರಿಸುವವರು ಆಗ ವಿರಳ. ಆದರೆ ಎರಡನೇ ಸರದಿಯ ಕ್ಲಾಸಿಕ್‌ನಲ್ಲಿ ಸ್ವೀಡನ್ನಿನ ಯೋಹಾನ್ ಓಲ್ಸನ್ ದಾಪುಗಾಲು ಹಾಕಿದಾಗ ನಾರ್ವೆಯ ಯೆಲ್ಮೆಸೆಟ್ ಹಿಂದುಳಿದರು. ನೂರ್ತುಗ್ ಹೊರಟಾಗ ಅಂತರ ಅರ್ಧ ನಿಮಿಷ ಮೀರಿತ್ತು. ಸ್ಥಾನಗಳನ್ನು ದಾಟಿ ಬೆಳ್ಳಿ ಹಿಡಿದರು, ಚಿನ್ನ ಸುಮಾರು 16 ಸೆಕೆಂಡು ದೂರವೇ ಉಳಿಯಿತು. ಮರುವರ್ಷ ಹೋಲ್ಮೆನ್‌ಕೋಲೆನ್‌ನಲ್ಲಿ ತಂಡ ಅವರನ್ನು ಮುಂಚೂಣಿಯಲ್ಲಿ ತಲುಪಿಸಿದಾಗ ಅದೇ ನೂರ್ತುಗ್ ಸ್ವೀಡನ್ನಿನ ಹೆಲ್ನೆರ್‌ರನ್ನು ಹಿಂದೆ ಹಾಕಿ, ಗೆರೆಯ ಮುಂದೆ ನಿಂತಂತೆ ಮಾಡಿ ಅಣಕಿಸಿದರು. ಒಬ್ಬನೇ ಓಟಗಾರ, ಅದೇ ಕಾಲು. ಕೈಗೆ ಬಂದ ಅಂತರ ಮಾತ್ರ ಬೇರೆ. 2014ರ ಸೋಚಿಯಲ್ಲಿ ಸ್ವೀಡನ್ ನಡುವಿನ ಸರದಿಗಳಲ್ಲೇ ಕತೆ ಮುಗಿಸಿತು. ನಾರ್ವೆ ನಾಲ್ಕನೆಯದು, ದೂರು ಹೋದದ್ದು ಮೇಣ ಬಳಿಯುವವರ ಮೇಲೆ.

2022ರ ಬೀಜಿಂಗ್ ಕೂಟದ ರಿಲೇ ಝಾಂಗ್‌ಜಿಯಾಕೌನಲ್ಲಿ ಹಿಮ ಸುರಿಯುತ್ತಿರುವಾಗ ನಡೆಯಿತು. ನಾರ್ವೆಯ ನೀಲಿ ಬಟ್ಟೆಯಲ್ಲಿ ಯೋಹಾನೆಸ್ ಹೋಸ್ಫ್ಲೊಟ್ ಕ್ಲೇಬೊ. ನಾಲ್ಕು ವರ್ಷ ಹಿಂದೆ ಪಿಯಾಂಗ್‌ಚಾಂಗ್‌ನಲ್ಲಿ ನಾರ್ವೆಗೆ ಚಿನ್ನ ಮುಗಿಸಿಕೊಟ್ಟವರು, ಸ್ಪ್ರಿಂಟ್‌ನ ಒಡೆಯ. ಆದರೆ ರಷ್ಯಾದ ಚೆರ್ವೊತ್ಕಿನ್ ಮತ್ತು ಬೊಲ್ಶುನೋವ್ ಕ್ಲಾಸಿಕ್‌ನ ಎರಡು ಸರದಿಗಳಲ್ಲೇ ನಾರ್ವೆಯನ್ನು ದೂರ ತಳ್ಳಿದ್ದರು. ಕೊನೆಯ ಅಂತರ ಒಂದು ನಿಮಿಷ ಏಳು ಸೆಕೆಂಡು. ವಿಜೇತರ ಕಾಲ 1 ಗಂಟೆ 54 ನಿಮಿಷ. ಸೋಚಿಯಲ್ಲಿ ಸ್ವೀಡನ್ 1 ಗಂಟೆ 28 ನಿಮಿಷದಲ್ಲಿ ಮುಗಿಸಿದ್ದನ್ನು ನೆನೆದರೆ ಹಿಮ ಎಷ್ಟು ಭಾರವಿತ್ತೆಂದು ತಿಳಿಯುತ್ತದೆ. ಅದೇ ವರ್ಷ ಉಕ್ರೇನ್ ಮೇಲಿನ ದಾಳಿಯ ನಂತರ ರಷ್ಯಾದವರನ್ನು ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ದೂರವಿಡಲಾಯಿತು, ರಿಲೇಯ ಅತಿ ಬಿರುಸಿನ ಪೈಪೋಟಿಯೂ ಅಲ್ಲಿಗೆ ನಿಂತಿತು. ಆ ಪೈಪೋಟಿ ಯಾವಾಗಲೂ ಸಭ್ಯವಾಗಿತ್ತೆಂದೇನಲ್ಲ. 2021ರ ಜನವರಿಯಲ್ಲಿ ಲಾಹ್ತಿಯ ವಿಶ್ವಕಪ್ ರಿಲೇಯಲ್ಲಿ ಬೊಲ್ಶುನೋವ್ ಫಿನ್ಲೆಂಡಿನ ಯೋನಿ ಮ್ಯಾಕಿಯತ್ತ ಕೋಲು ಬೀಸಿ, ಗೆರೆ ದಾಟಿದ ಮೇಲೆ ಅವರಿಗೆ ಡಿಕ್ಕಿ ಹೊಡೆದು ತಂಡವನ್ನೇ ಅನರ್ಹ ಮಾಡಿಸಿದ್ದರು.

ಈಚಿನ ನಿಯಮಗಳು ಒಂದೊಂದೂ ಒಂದೊಂದು ಕಡೆ ಎಳೆಯುತ್ತಿವೆ. ಕ್ಲಾಸಿಕ್‌ನಲ್ಲೂ ಉದ್ದ ಕೋಲು ಹಿಡಿದು ಬರೀ ತೋಳಬಲದಿಂದ ತಳ್ಳುತ್ತ ಸಾಗುವವರು ಹೆಚ್ಚಿದ್ದರಿಂದ, ಕೋಲಿನ ಉದ್ದ ಮೈಯೆತ್ತರದ ಶೇ 83 ಮೀರಬಾರದೆಂದು 2016ರಲ್ಲಿ ವಿಧಿಸಿದರು. ಇದು ಹಳೆಯ ಪದ್ಧತಿಗೆ ಆಸರೆ. ಸ್ಕೀಯನ್ನು ಎಣ್ಣೆಯ ಮೇಲಿನಂತೆ ಜಾರಿಸುತ್ತಿದ್ದ, ಪರಿಸರಕ್ಕೂ ಬಳಿಯುವವರ ಶ್ವಾಸಕೋಶಕ್ಕೂ ಕೆಡುಕಾದ ಫ್ಲೋರಿನ್ ಮೇಣವನ್ನು 2023-24ರ ಋತುವಿನಿಂದ ಪೂರ್ತಿ ನಿಷೇಧಿಸಿದರು. ದೊಡ್ಡ ತಂಡಗಳಿಗಿದ್ದ ಒಂದು ಅನುಕೂಲ ಕಡಿಮೆಯಾಯಿತು. ಇವೆಲ್ಲಕ್ಕಿಂತ ದೊಡ್ಡದು ದೂರದ ಬದಲಾವಣೆ. ಪುರುಷರಿಗೂ ಮಹಿಳೆಯರಿಗೂ ಒಂದೇ ದೂರ ಎಂಬ ನ್ಯಾಯವಾದ ತತ್ವ ಜಾರಿಗೆ ಬಂದಾಗ ಮಹಿಳೆಯರ 5 ಕಿಲೋಮೀಟರ್ ಹಿಗ್ಗಿತು, ಪುರುಷರ 10 ಕುಗ್ಗಿತು, ಇಬ್ಬರಿಗೂ 7.5 ಆಯಿತು. 2023ರ ಪ್ಲಾನಿಕಾದಲ್ಲಿ ಪುರುಷರು ತಲಾ 10 ಓಡಿದ್ದರು, 2025ರ ಟ್ರೋಂಡ್‌ಹೈಮ್‌ನಲ್ಲಿ 7.5. ಮಿಲಾನ್-ಕೊರ್ಟೀನಾ ಒಲಿಂಪಿಕ್ಸ್‌ಗೂ ಇದೇ ಅಳತೆ.

ಸಮಾನತೆಯ ಬಗ್ಗೆ ತಕರಾರಿಲ್ಲ. ಎಲ್ಲರಿಗೂ 10 ಮಾಡಬಹುದಿತ್ತು ಎನ್ನುವುದು ನನ್ನ ಹಟ. ಬಿಡಿಸಿಕೊಂಡು ಹೋಗಬಲ್ಲ ಕ್ಲಾಸಿಕ್ ಓಟಗಾರನಿಗೆ ಬೇಕಾದದ್ದು ಏರು ಮತ್ತು ದೂರ. ಕ್ಲಾಸಿಕ್‌ನ ಇಬ್ಬರೂ ಸೇರಿದರೆ ಈಗ ಅವರಿಗೆ ಸಿಗುವುದು 20ರ ಬದಲು 15 ಕಿಲೋಮೀಟರ್. ಕ್ಲೇಬೊ ಟ್ರೋಂಡ್‌ಹೈಮ್‌ನಲ್ಲಿ ಸ್ಪ್ರಿಂಟ್‌ನಿಂದ 50 ಕಿಲೋಮೀಟರ್ ತನಕ ಆರಕ್ಕೆ ಆರೂ ಚಿನ್ನ ಬಾಚಿಕೊಂಡದ್ದರಿಂದ, ನಾರ್ವೆಯ ತರಬೇತುದಾರರಿಗೆ ಕೊನೆಯ ಸರದಿಯ ಚಿಂತೆಯೇ ಇಲ್ಲ. ಅವರು ಪಟ್ಟಿ ಹಿಡಿದು ಕೂರುವುದು ಕೆಂಪು, ಹಸಿರು ಬಟ್ಟೆಗಳಿಗೆ. ಬೇರೆ ದೇಶದಲ್ಲಾದರೆ ಕಣ್ಣು ಮುಚ್ಚಿ ತಂಡಕ್ಕೆ ಸೇರಿಸಿಕೊಳ್ಳುವಂಥ ಕ್ಲಾಸಿಕ್ ಓಟಗಾರರು ಅಲ್ಲಿ ಆ ಎರಡು ಜಾಗಕ್ಕೆ ಪರಸ್ಪರ ಪೈಪೋಟಿ ನಡೆಸಬೇಕು. ಉಳಿದವರು ಜಾಡಿನ ಪಕ್ಕ ನಿಂತು ನೋಡಬೇಕು.